ನಲಿ-ಕಲಿ ಕಾರ್ಡಿನ ಪೆಟ್ಟಿಗೆ: ಕಲಬುರಗಿ, ಯಾದಗಿರಿ ಹಳ್ಳಿ ಸಾಲಿಗಳಿಗೆ ಎಷ್ಟು ಒಗ್ಗುತ್ತದೆ?

ದೀಪಾವಳಿ ಮುಗಿಯುತ್ತಲೇ ಚಿಂಚೋಳಿ, ಚಿತ್ತಾಪುರ, ಯಾದಗಿರಿ ಕಡೆಯ ತಾಂಡಾಗಳಿಂದ ಪುಣೆ, ಮುಂಬೈ, ಹೈದರಾಬಾದ್ ಅಂತ ದುಡಿಯಲು ಗಂಟು ಕಟ್ಟುವ ಮನೆಗಳಿವೆ. ಆ ಮನೆಯ ಮಕ್ಕಳು ಸಾಲಿಗೆ ಮರಳುವುದು ಯುಗಾದಿ ಹೊತ್ತಿಗೆ, ಇಲ್ಲವೇ ಮುಂದಿನ ಜೂನಿಗೆ. ಪಠ್ಯಪುಸ್ತಕ ಹಿಡಿದು ನಡೆಯುವ ತರಗತಿಯಲ್ಲಿ ಇಂಥ ಮಗುವಿಗೆ ಜಾಗವಿಲ್ಲ. ಅದು ಹೋದಾಗ ನಾಲ್ಕನೇ ಪಾಠ, ಬಂದಾಗ ಹದಿನಾಲ್ಕನೇ ಪಾಠ. ನಲಿ-ಕಲಿ ಅಂದರೆ ಪಠ್ಯಪುಸ್ತಕದ ಬದಲು ಒಂದೊಂದೇ ಕಾರ್ಡು ದಾಟುತ್ತ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿ. ಅದರ ಕಾರ್ಡಿನ ಪೆಟ್ಟಿಗೆಯನ್ನು ಈ ಮಗುವನ್ನು ಮುಂದೆ ಕೂಡಿಸಿಕೊಂಡೇ ಅಳೆಯಬೇಕು. ಹಾಗೆ ಅಳೆದರೆ ನಮ್ಮ ಭಾಗದ ಸರ್ಕಾರಿ ಸಾಲಿಗೆ ಇದಕ್ಕಿಂತ ಒಪ್ಪುವ ಸಾಮಗ್ರಿ ಇನ್ನೊಂದಿಲ್ಲ. ಕಾರಣ ಸರಳ: ಮಗು ಬಿಟ್ಟುಹೋದ ಕಾರ್ಡಿನಿಂದಲೇ ಮತ್ತೆ ಶುರು ಮಾಡುತ್ತದೆ. ಯಾರೂ ಅದರ ಸಲುವಾಗಿ ಹಿಂದಕ್ಕೆ ಹೋಗಬೇಕಿಲ್ಲ, ಅದೂ ಯಾರ ಹಿಂದೆಯೂ ಓಡಬೇಕಿಲ್ಲ.

ಆಂಧ್ರದ ರಿಷಿ ವ್ಯಾಲಿ ಸಾಲಿಯ ಪದ್ಧತಿ ನೋಡಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಹುಟ್ಟಿದ್ದು ಇದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಸಾಲಿಗಳಿಗೆಲ್ಲ ಬಂತು. ಒಂದರಿಂದ ಮೂರನೇ ಇಯತ್ತೆಯವರು, ಅಂದರೆ ತರಗತಿಯವರು, ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಗೋಡೆಯ ಮೇಲೆ ಯಾವ ಕಾರ್ಡಿನ ನಂತರ ಯಾವುದು ಎಂದು ತೋರಿಸುವ ಕಲಿಕಾ ಏಣಿ, ರ‍್ಯಾಕಿನಲ್ಲಿ ಕಾರ್ಡು, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ, ಕೆಳಗೆ ಮಕ್ಕಳು ಬರೆಯಲು ಅವರ ಎತ್ತರಕ್ಕೆ ಕಪ್ಪು ಹಲಗೆಯ ಪಟ್ಟಿ. ಗುಂಪು ಐದು: ಗುರುಗಳ ಪೂರ್ತಿ ನೆರವು ಬೇಕಾದವರು, ಗುರುಗಳ ಅರೆ ನೆರವು ಸಾಕಾದವರು, ಗೆಳೆಯರ ಪೂರ್ತಿ ನೆರವಿನಲ್ಲಿ ಕಲಿಯುವವರು, ಗೆಳೆಯರ ಅರೆ ನೆರವಿನಲ್ಲಿ ಕಲಿಯುವವರು, ತಾವೇ ಕಲಿಯುವವರು.

ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಭಾಗ ಅಕ್ಷರದ ಕ್ರಮ. ಅ ಆ ಇ ಈ ಅಂತ ಶುರುವಾಗದೆ ಬರೆಯಲು ಹಗುರಾದ ರ, ಗ, ಸ, ದ, ಅ ಮೊದಲು ಬರುತ್ತವೆ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ, ಗದಗ ಅಂತ ನಿಜವಾದ ಪದಗಳು ಕೈಗೆ ಸಿಗುತ್ತವೆ. ಆಮೇಲೆ ಜ, ವ, ಮ, ಬ, ನ. ಆಗ ಮರ, ಜನ, ನಗರ, ಜೊತೆಗೆ ‘ಬಸವ’. ಕಲ್ಯಾಣ ನಾಡಿನ ಮಗು ಹತ್ತೇ ಅಕ್ಷರ ಕಲಿತು ಗೋಡೆಯ ಮೇಲಿನ ‘ಬಸವ’ ಓದಿಬಿಡುತ್ತದೆ. ವರ್ಣಮಾಲೆ ಪೂರ್ತಿ ಬಾಯಿಪಾಠ ಆಗುವ ತನಕ ಕಾಯಿಸಿದರೆ ಈ ಖುಷಿ ಮಗುವಿಗೆ ತಿಂಗಳುಗಟ್ಟಲೆ ತಡವಾಗುತ್ತದೆ. ಕೆಲವು ಕಡೆ ಪಾಲಕರು ‘ಅ ಆ ಇ ಈ ಯಾಕ ಬರಂಗಿಲ್ಲ’ ಅಂತ ಕೇಳಿದ್ದಕ್ಕೆ ಗುರುಗಳು ಎರಡನ್ನೂ ಕಲಸಿಬಿಡುತ್ತಾರೆ. ಅದು ಬೇಡ. ಪಾಲಕರ ಸಭೆಯಲ್ಲಿ ಮಗುವಿನ ಕೈಯಲ್ಲಿ ‘ಬಸವ’ ಓದಿಸಿ ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಕೊರತೆ ಇರುವುದು ಚಿತ್ರ ಮತ್ತು ಪದಗಳಲ್ಲಿ. ‘ಈ’ ಕಲಿಸಲು ಈರುಳ್ಳಿ ಚಿತ್ರ ಇಟ್ಟಿರಿ ಅನ್ನಿ. ನಮ್ಮ ಮಗು ಚಿತ್ರ ನೋಡಿ ‘ಉಳ್ಳಾಗಡ್ಡಿ’ ಅನ್ನುತ್ತದೆ, ಅಂದರೆ ಅದರ ಕಿವಿಗೆ ಬಿದ್ದ ಮೊದಲ ಸ್ವರ ‘ಉ’. ಕಡಲೆಕಾಯಿ ತೋರಿಸಿ ‘ಕ’ ಅಂದರೆ ಮಗುವಿಗೆ ಅದು ಶೇಂಗಾ. ಮಗು ದಡ್ಡ ಅಲ್ಲ, ಚಿತ್ರ ತಪ್ಪು ಜಾಗಕ್ಕೆ ಬಂದಿದೆ. ಸೇಡಂ, ಗುರುಮಠಕಲ್ ಕಡೆ ತೆಲುಗು, ಆಳಂದ, ಔರಾದ್ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಊರೊಳಗೆ ದಖನಿ ಉರ್ದು ಮನೆಮಾತಾಗಿರುವ ಮಕ್ಕಳಿಗೆ ಈ ತೊಡಕು ದುಪ್ಪಟ್ಟು. ಪರಿಹಾರ ದೊಡ್ಡದೇನಲ್ಲ. ಜೂನ್ ಮೊದಲ ವಾರ ಚಿತ್ರದ ಕಾರ್ಡುಗಳನ್ನಷ್ಟೇ ಹರವಿ, ನಾಲ್ಕೈದು ಮಕ್ಕಳಿಗೆ ‘ಇದೇನು?’ ಅಂತ ಕೇಳಿ, ಅವರು ಹೇಳಿದ ಹೆಸರು ಕಾರ್ಡಿನ ಅಕ್ಷರಕ್ಕೆ ಕೂಡದಿದ್ದರೆ ಆ ಕಾರ್ಡಿನ ಮೇಲೆ ಬೇರೆ ಚಿತ್ರ ಅಂಟಿಸಬೇಕು. ‘ಹೋಗ್ಯಾನ’, ‘ಬಂದಾಳ’ ಅಂತ ಮಗು ಹೇಳಿದರೆ ತಿದ್ದಲು ಹೋಗದೆ, ಕಾರ್ಡಿನಲ್ಲಿ ಹೀಗೆ ಬರೆದಿದೆ ಅಂತ ಪಕ್ಕಕ್ಕೆ ತೋರಿಸಿದರೆ ಸಾಕು.

ಗಣಿತದ ಕಾರ್ಡುಗಳು ಚೆನ್ನಾಗಿವೆ, ಆದರೆ ಕಾರ್ಡೊಂದೇ ಸಾಲದು, ಕೈಗೆ ವಸ್ತು ಬೇಕು. ಅದಕ್ಕೆ ತೊಗರಿ ಕಣಜದಲ್ಲಿ ಬರವೇ? ರಾಶಿ ಆದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯನ್ನು ನಾಲ್ಕು ಇಂಚಿನಂತೆ ಕತ್ತರಿಸಿ, ತುದಿಯ ಸಿಬಿರು ಉಜ್ಜಿ, ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಒಂದು ಗುಂಪಿಗೆ 9 ಕಟ್ಟು, 20 ಬಿಡಿ ಕಡ್ಡಿ ಸಾಕು. ಇನ್ನು 52ರಲ್ಲಿ 17 ಕಳೆಯಲು ಹೇಳಿ. ಕಡ್ಡಿ ಇಲ್ಲದ ಮಗು 45 ಅಂತ ಬರೆಯುತ್ತದೆ. 2ರಲ್ಲಿ 7 ಹೋಗುವುದಿಲ್ಲ, ಅದಕ್ಕೆ 7ರಲ್ಲಿ 2 ಕಳೆದಿರುತ್ತದೆ. ಕಡ್ಡಿ ಇದ್ದರೆ ಐದು ಕಟ್ಟು, ಎರಡು ಬಿಡಿ ಮುಂದಿರುತ್ತವೆ. ಏಳು ಕೊಡು ಅಂದಾಗ ಮಗು ತಾನಾಗಿಯೇ ಒಂದು ಕಟ್ಟು ಬಿಚ್ಚುತ್ತದೆ. ಹನ್ನೆರಡರಲ್ಲಿ ಏಳು ಹೋಗಿ ಐದು, ಉಳಿದ ನಾಲ್ಕು ಕಟ್ಟಿನಲ್ಲಿ ಒಂದು ಹೋಗಿ ಮೂರು, ಒಟ್ಟು 35. ‘ದಶಕ ಎರವಲು’ ಅನ್ನುವ ಮಾತು ಈ ಕಟ್ಟು ಬಿಚ್ಚಿದ ಮೇಲೆ ಬರಬೇಕು, ಮೊದಲೇ ಅಲ್ಲ. ಎಣಿಕೆಗೆ ತೊಗರಿ ಕಾಳು ಮಾತ್ರ ಬೇಡ, ಸಣ್ಣ ಮಕ್ಕಳು ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ. ಹುಣಸೆ ಬೀಜ ವಾಸಿ, ಆದರೂ ಕಣ್ಣು ಅದರ ಮೇಲಿರಲಿ.

ಈಗ ಕೆಡುವ ಜಾಗಗಳು. ಮೊದಲನೆಯದು ಕಳೆದ ಕಾರ್ಡು. ಏಣಿಯಲ್ಲಿ ಒಂದು ಮೆಟ್ಟಿಲು ಇಲ್ಲದಿದ್ದರೆ ಗುರುಗಳು ಮುಂದಿನದು ಕೊಡುತ್ತಾರೆ. ತೊಂದರೆ ಆಗಲೇ ಕಾಣುವುದಿಲ್ಲ, ಗುಣಿತಾಕ್ಷರ ದಾಟಿ ಒತ್ತಕ್ಷರಕ್ಕೆ ಬಂದಾಗ ಮಗು ಎಡವಿ ನಿಲ್ಲುತ್ತದೆ. ಶನಿವಾರ ಬಿಡುವ ಮುಂಚೆ ಹತ್ತು ನಿಮಿಷ, ಮೈಲಿಗಲ್ಲಿನ, ಅಂದರೆ ಏಣಿಯ ಒಂದೊಂದು ಹಂತದ, ಪ್ರಕಾರ ಕಾರ್ಡಿನ ಸಂಖ್ಯೆ ಎಣಿಸುವ ಕೆಲಸವನ್ನು ಮೂರನೇ ಇಯತ್ತೆಯವರಿಗೇ ವಹಿಸಿ. ಹೊಸ ಪೆಟ್ಟಿಗೆ ಬಂದ ದಿನವೇ ಒಂದು ಪೂರ್ತಿ ಜೊತೆಯ ಜೆರಾಕ್ಸ್ ತೆಗೆದು ಬೀರುವಿನಲ್ಲಿಟ್ಟರೆ ಕಳೆದದ್ದನ್ನು ಅದೇ ದಿನ ತುಂಬಬಹುದು. ಹೆಚ್ಚು ಕೈ ಬದಲಾಗುವ ಕಾರ್ಡುಗಳಿಗೆ 125 ಮೈಕ್ರಾನ್ ಲ್ಯಾಮಿನೇಷನ್ ಹಾಕಿಸಿ. ಅಂಚು ಕಾಲಿಂಚು ಹೊರಗೆ ಬಿಡದೆ ಕತ್ತರಿಸಿದರೆ ಮಳೆಗಾಲದಲ್ಲಿ ನೀರು ಒಳಸೇರಿ ಹಾಳೆ ಬಿಚ್ಚುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಸಾಲಿ ಅನುದಾನದಲ್ಲಿ 30 ಮಕ್ಕಳವರೆಗೆ 10,000 ರೂಪಾಯಿ, ನೂರರವರೆಗೆ 25,000 ರೂಪಾಯಿ ಎಂಬ ಲೆಕ್ಕವಿದೆ. ಈ ಖರ್ಚು ಅದರಲ್ಲಿ ದೊಡ್ಡ ಪಾಲಲ್ಲ.

ಎರಡನೆಯದು ಪ್ರಗತಿ ನೋಟ, ಅಂದರೆ ಯಾವ ಮಗು ಯಾವ ಕಾರ್ಡು ದಾಟಿದೆ ಎಂದು ಗುರುತು ಹಾಕುವ ಹಾಳೆ. ಎಲ್ಲ ಮಕ್ಕಳ ಮುಂದೆ ಒಂದೇ ಪೆನ್ನು, ಒಂದೇ ದಿನಾಂಕ ಕಂಡರೆ ಅದು ಅಧಿಕಾರಿ ಬರುವ ಹಿಂದಿನ ರಾತ್ರಿ ತುಂಬಿದ್ದು. ಇದರಿಂದ ಸೀದಾ ಹೊಡೆತ ಬೀಳುವುದು ಪುಣೆಯಿಂದ ಮರಳಿ ಬಂದ ಮಗುವಿಗೆ. ಅದು ಬಿಟ್ಟುಹೋದ ಕಾರ್ಡು ಯಾವುದೆಂದು ಗೊತ್ತೇ ಆಗುವುದಿಲ್ಲ. ಸಾಲಿ ನೋಡಲು ಹೋದವರು ಪ್ರಗತಿ ನೋಟ ನಂಬದೆ, ಮಗು ದಾಟಿದೆ ಎಂದಿರುವ ಕಾರ್ಡಿಗಿಂತ ಮೂರು ಹಿಂದಿನದನ್ನು ಓದಿಸಲಿ. ತಡವರಿಸಿದರೆ ಇನ್ನೂ ಮೂರು ಹಿಂದೆ ಹೋಗಲಿ. ಸಲೀಸಾಗಿ ಓದಿದ ಕಾರ್ಡೇ ಅದರ ನಿಜವಾದ ಜಾಗ.

ಓದುವ ವೇಗದ ವಿಷಯದಲ್ಲೂ ಒಂದು ತಿದ್ದುಪಡಿ ಬೇಕು. ಸಣ್ಣ ಮಕ್ಕಳ ಓದು, ಲೆಕ್ಕ ಗಟ್ಟಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಮೂರನೇ ಇಯತ್ತೆಗೆ ನಿಮಿಷಕ್ಕೆ 60 ಪದ ಎಂಬ ಗುರಿ ಇಟ್ಟಿದೆ. ಕನ್ನಡದಲ್ಲಿ ‘ಮನೆಯಲ್ಲಿದ್ದವರಿಗೆಲ್ಲ’ ಅನ್ನುವುದು ಒಂದೇ ಪದ, ಒಂಬತ್ತು ಅಕ್ಷರ. ‘ಮರ’ ಅನ್ನುವುದೂ ಒಂದೇ ಪದ. ಪದ ಎಣಿಸುವ ಬದಲು ಅಕ್ಷರ ಎಣಿಸಿ, ಓದಿದ್ದರ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ನಮ್ಮ ಮಕ್ಕಳಿಗೆ ನ್ಯಾಯ ಸಿಗುತ್ತದೆ.

ಮೂರನೆಯದು ಗುರುಗಳ ಸಂಖ್ಯೆ. ಇದಕ್ಕೆ ಕಾರ್ಡಿನಲ್ಲಿ ಮದ್ದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಸಾಲಿಗೆ ಇಬ್ಬರು. ಒಬ್ಬರು ಮೀಟಿಂಗು, ಗಣತಿ, ಚುನಾವಣೆ ಕೆಲಸಕ್ಕೆ ಹೋದ ದಿನ ಉಳಿದವರ ಪಾಲಿಗೆ ಐದೂ ಇಯತ್ತೆ. ಆ ದಿನ ತಾವೇ ಕಲಿಯುವ ಗುಂಪು ಹೇಗೋ ನಡೆಯುತ್ತದೆ, ಗುರುಗಳ ಪೂರ್ತಿ ನೆರವಿನ ಗುಂಪು ಸುಮ್ಮನೆ ಕೂಡುತ್ತದೆ. ಆ ಗುಂಪಿನಲ್ಲಿರುವುದೇ ತೀರ ಹಿಂದುಳಿದ ಮಕ್ಕಳು. ಅತಿಥಿ ಶಿಕ್ಷಕರನ್ನು ನಲಿ-ಕಲಿ ಕೋಣೆಗೆ ಹಾಕುವುದಾದರೆ ಕನಿಷ್ಠ ಐದು ದಿನ ಅನುಭವಿ ಗುರುಗಳ ಪಕ್ಕ ಕೂಡಿಸಿ ಆಮೇಲೆ ಹಾಕಬೇಕು. ಏಣಿ ಓದಲು ಬಾರದವರಿಗೆ ಈ ಪೆಟ್ಟಿಗೆ ಬರೀ ರಟ್ಟು.

ಕೊನೆಯದಾಗಿ ನಾಲ್ಕನೇ ಇಯತ್ತೆ. ಏಣಿ ಮೂರಕ್ಕೇ ನಿಲ್ಲುತ್ತದೆ. ಜೂನ್ ಒಂದರಂದು ಮಗುವಿನ ಕೈಗೆ ದಪ್ಪ ಪುಸ್ತಕ ಬರುತ್ತದೆ, ಒತ್ತಕ್ಷರದ ಹಂತದಲ್ಲಿದ್ದ ಮಗು ಅಲ್ಲಿಂದ ಕೈಬಿಟ್ಟು ಹೋಗುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ 50.59, 2025ರಲ್ಲಿ ಕಲಬುರಗಿ 42.43 ಪ್ರತಿಶತದೊಂದಿಗೆ ರಾಜ್ಯದಲ್ಲಿ ಕೊನೆಗೆ ನಿಂತಾಗ ಹತ್ತನೇ ಇಯತ್ತೆಗೆ ವಿಶೇಷ ತರಗತಿ ಬೇಕೆಂಬ ಕೂಗು ಎದ್ದಿತು. ಆ ತರಗತಿ ನಡೆಯಲಿ. ಆದರೆ ಹಣ, ಗುರುಗಳು ಮೊದಲು ಸೇರಬೇಕಾದ್ದು ನಾಲ್ಕನೇ ಇಯತ್ತೆಗೆ. ಜೂನ್, ಜುಲೈ ಎರಡು ತಿಂಗಳು ದಿನಕ್ಕೆ ಒಂದು ತಾಸು ಪುಸ್ತಕ ಮುಚ್ಚಿಟ್ಟು, ಏಣಿ ಮುಗಿಸದವರಿಗೆ ಅದೇ ಕಾರ್ಡು ಮುಂದುವರಿಸಬೇಕು. ಇದಕ್ಕೆ ಹೊಸ ಸಾಮಗ್ರಿ ಬೇಡ, ಮೂರನೇ ಇಯತ್ತೆಯ ಕಾರ್ಡಿನ ಇನ್ನೊಂದು ಜೊತೆ ಮತ್ತು ಮಗುವಿನ ಜೊತೆಗೇ ಬರುವ ಪ್ರಗತಿ ನೋಟ ಇದ್ದರಾಯಿತು. ಆ ಇನ್ನೊಂದು ಜೊತೆಯನ್ನು ಮೇ ತಿಂಗಳೊಳಗೇ ಕೇಳಿಡಿ, ಸಾಲಿ ಶುರುವಾದ ಮೇಲೆ ಕೇಳಿದರೆ ಅದು ಕೈಗೆ ಬರುವಷ್ಟರಲ್ಲಿ ಜುಲೈ ದಾಟಿರುತ್ತದೆ.