ಶಿಜುವೊಕಾ ಟೀಗೆ ಯಾವ ಹೊದಿಕೆ ಸರಿ? ಮನೆಯಲ್ಲೇ ಬಳಸಿ ನೋಡಿದ ಹೋಲಿಕೆ

ಜಪಾನಿನ ಶಿಜುವೊಕಾ ಸೀಮೆಯಲ್ಲಿ ಮಾಕಿನೊಹಾರಾ ಅಂತ ಎತ್ತರದ ಬಯಲಿದೆ. ಕಣ್ಣು ಹಾಯಿಸಿದಷ್ಟೂ ಟೀ ತೋಟ. 1869ರ ಹೊತ್ತಿಗೆ ಆಳ್ವಿಕೆ ಕಳೆದುಕೊಂಡ ತೊಕುಗಾವಾ ಮನೆತನದ, ಕೆಲಸವಿಲ್ಲದ ಸಮುರಾಯ್‌ಗಳು ಬಂದು ಕಾಡು ಕಡಿದು ಟೀ ನೆಟ್ಟ ಜಾಗ ಇದು. ನಾವು ಟೀ ಕೊಳ್ಳುವುದು ಇಲ್ಲಿನ ಒಂದು ಮನೆತನದ ಹತ್ತಿರ. ಸ್ವಂತ ತೋಟ, ಸ್ವಂತ ಕಾರ್ಖಾನೆ, ಎದುರಿಗೊಂದು ಸಣ್ಣ ಅಂಗಡಿ. ಗಲ್ಲಾದಲ್ಲಿ ಅಜ್ಜಿ, ಯಂತ್ರದ ಹತ್ತಿರ ಮಗ, ಉಳಿದ ಎಲ್ಲ ಕೆಲಸಕ್ಕೂ ಸೊಸೆ.

ಪ್ಯಾಕೆಟ್ ಬದಲಿಸಬೇಕು ಅಂತ ಹಟ ಹಿಡಿದವರು ಸೊಸೆಯೇ. ನೋಡಿದ ಕೂಡಲೇ ಜಪಾನಿನ ಹಳೇ ಸಂಪ್ರದಾಯ ಕಾಣಬೇಕು, ಎಳೆಯರೂ ಕೈಗೆತ್ತಿಕೊಳ್ಳಬೇಕು ಅಂತ ಅವರ ಆಸೆ. ಆತಂಕ ಸುಮ್ನೆ ಹುಟ್ಟಿದ್ದಲ್ಲ. ಜನ ಈಗ ಎಲೆ ಹಾಕಿ ಟೀ ಮಾಡುವುದಕ್ಕಿಂತ ಬಾಟಲಿ ಟೀ ಕುಡಿಯುವುದೇ ಜಾಸ್ತಿ. ಬಾಟಲಿಗೆ ಎಲೆ ಒದಗಿಸುವುದರಲ್ಲಿ ದಕ್ಷಿಣದ ಕಾಗೊಶಿಮಾ ಮುಂದೆ. ಅಲ್ಲಿನ ಸಪಾಟು ನೆಲದಲ್ಲಿ ದೊಡ್ಡ ಯಂತ್ರ ಓಡಿಸಿ ಕೊಯ್ಯಬಹುದು. 2024ರಲ್ಲಿ ಕಚ್ಚಾ ಟೀ (ಕೊನೆಯ ಹದ ಮಾಡುವ ಮೊದಲಿನ ಒಣ ಎಲೆ) ಲೆಕ್ಕದಲ್ಲಿ ಕಾಗೊಶಿಮಾ ಸುಮಾರು 27,000 ಟನ್ ತೆಗೆದರೆ ಶಿಜುವೊಕಾ 25,800 ಟನ್ನಿಗೆ ನಿಂತಿತು. ಲೆಕ್ಕ ಇಡತೊಡಗಿದ ಮೇಲೆ ಶಿಜುವೊಕಾಗೆ ಮೊದಲ ಸ್ಥಾನ ಕೈತಪ್ಪಿದ್ದು ಅದೇ ಮೊದಲು. ಈ ಊರಲ್ಲಿ ಆ ಮಾತು ಎತ್ತಿದರೆ ಇವತ್ತಿಗೂ ಮುಖ ಸಪ್ಪಗಾಗುತ್ತದೆ.

ಹಾಗಾಗಿ ಮಾದರಿ ಪ್ಯಾಕೆಟ್‌ಗಳು ಪರಿಚಿತ ಗಿರಾಕಿಗಳ ಮನೆಗೆ ಬಂದವು, ನಮ್ಮ ಮನೆಗೂ. "ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತೆ ಹೇಳಿ" ಅಂದರು ಸೊಸೆ. ನಾನು ಕಣ್ಣಿಗಷ್ಟೇ ಬಿಡಲಿಲ್ಲ. ಎಲ್ಲದಕ್ಕೂ ಒಂದೇ ಟೀ ತುಂಬಿ, ಜೂನ್ ತಿಂಗಳ ಮಳೆಗಾಲದುದ್ದಕ್ಕೂ ಅಡುಗೆಮನೆಯಲ್ಲಿಟ್ಟು ಬಳಸಿದೆ.

ಟೀ ಬಗ್ಗೆ ಒಂದು ಮಾತು. ಸೆಂಚಾ ಅಂದರೆ ಎಲೆಯನ್ನು ಹಬೆಯಲ್ಲಿ ಬೇಯಿಸಿ ಒಣಗಿಸಿದ ಜಪಾನಿನ ಹಸಿರು ಟೀ. ಇಲ್ಲಿನದು ಫುಕಾಮುಷಿ ಸೆಂಚಾ. ಮಾಮೂಲಿ ಸೆಂಚಾಗಿಂತ ಎರಡು ಮೂರು ಪಟ್ಟು ಹೊತ್ತು ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಮೆತ್ತಗಾಗಿ ಮುರಿಯುತ್ತದೆ, ಹಾಗಾಗಿ ಪುಡಿ ಜಾಸ್ತಿ. ಬೆಳಕು, ಗಾಳಿ, ತೇವ, ಬಿಸಿ, ಪಕ್ಕದ ವಾಸನೆ, ಯಾವುದೂ ಇದಕ್ಕೆ ಆಗಿಬರುವುದಿಲ್ಲ. ನಮ್ಮ ಕಡೆಯ ಕಡಕ್ ಟೀಪುಡಿಯ ಗಟ್ಟಿ ಜೀವ ಇದಕ್ಕಿಲ್ಲ.

ಮೊದಲು ಕಿಟಕಿ ಇರುವ ಕಾಗದದ ಚೀಲ. ಮಣ್ಣಿನ ಬಣ್ಣದ ಒರಟು ಕಾಗದ, ಕುಂಚದಲ್ಲಿ ಬರೆದಂಥ ಅಕ್ಷರ, ಒಳಗಿನ ಹಸಿರು ಎಲೆ ಕಾಣಲಿ ಅಂತ ಮುಂದೆ ಪಾರದರ್ಶಕ ಕಿಟಕಿ. ಫೋಟೋದಲ್ಲಿ ಎಲ್ಲಕ್ಕಿಂತ ಚೆಂದ ಇದೇ. ಬಳಕೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದೂ ಇದೇ. ಕಿಟಕಿಗೆ ತಾಗಿದ ಎಲೆ ಮೊದಲು ಹಳದಿ ತಿರುಗಿತು, ಆಮೇಲೆ ಒಣಹುಲ್ಲಿನ ವಾಸನೆ ಬಂತು. ಹಸಿರು ಟೀ ಮಾರುವವರು ಕಿಟಕಿ ಇಡುವುದು ಯಾಕೋ ನನಗಂತೂ ಅರ್ಥವಾಗುವುದಿಲ್ಲ.

ಎರಡನೆಯದು ವಾಶಿ, ಅಂದರೆ ಜಪಾನಿನ ಸಾಂಪ್ರದಾಯಿಕ ಕಾಗದ ಸುತ್ತಿದ ತಗಡಿನ ಡಬ್ಬಿ. ಜಪಾನಿಗೆ ಬಂದವರೆಲ್ಲ ಉಡುಗೊರೆಗೆ ಅಂತ ಒಯ್ಯುತ್ತಾರಲ್ಲ, ಅದೇ. ಕಿಮೋನೊ ಬಟ್ಟೆಯ ಚಿತ್ತಾರವನ್ನು ಕೈಯಿಂದ ಅಚ್ಚು ಹಾಕಿದ ಕಾಗದ, ಮೇಲೆ ಬಂಗಾರದ ಗೆರೆ, ಕೊಕ್ಕರೆ, ಚೆರಿ ಹೂವು. ಇದನ್ನು ಬರೀ ಅಲಂಕಾರ ಅಂತ ತಳ್ಳಿಹಾಕುವಂತಿಲ್ಲ. ಹೊರ ಮುಚ್ಚಳದ ಕೆಳಗೆ ಗುಂಡಿ ಹಿಡಿದು ಎತ್ತುವ ಒಳ ಮುಚ್ಚಳ ಇದೆ, ಅದು ಬಿಗಿಯಾಗಿ ಕೂರುತ್ತದೆ. ಪುಡಿ ಟೀ ಆದರೂ ಚೆಲ್ಲುವುದಿಲ್ಲ. ಟೀ ಕೂಡ ಚೆನ್ನಾಗೇ ಉಳಿಯಿತು. ಒದ್ದೆ ಕೈಯಲ್ಲಿ ಹಿಡಿದರೆ ಮಾತ್ರ ಕಾಗದದ ಅಂಚು ಏಳುತ್ತದೆ.

ಇದರ ತೊಂದರೆ ಬೇರೆ ಕಡೆ ಇದೆ. ಈ ಅಂಗಡಿಯ ವ್ಯಾಪಾರದಲ್ಲಿ ದೊಡ್ಡ ಪಾಲು ಸಾವಿನ ಮನೆಯಿಂದ ಬರುತ್ತದೆ. ಅಂತ್ಯಕ್ರಿಯೆಗೆ ಬಂದವರು ಕವರಿನಲ್ಲಿ ದುಡ್ಡು ಕೊಡುತ್ತಾರೆ. ಮನೆಯವರು ಆಮೇಲೆ ಮರು ಉಡುಗೊರೆ ಕಳಿಸಬೇಕು, ಅದಕ್ಕೆ ಟೀ ಕೊಡುವುದು ಹಳೇ ರೂಢಿ. ಅಂಥ ಪೊಟ್ಟಣಕ್ಕೆ ಕಪ್ಪು ಬಿಳುಪಿನ ಮಿಜುಹಿಕಿ (ಉಡುಗೊರೆಗೆ ಕಟ್ಟುವ ಅಲಂಕಾರದ) ದಾರದ ಗುರುತು ಬೇಕು, ಶುಭಕ್ಕಾದರೆ ಕೆಂಪು ಬಿಳುಪು. ಬಂಗಾರದ ಕೊಕ್ಕರೆ ಹಾರುವ ಡಬ್ಬಿಯನ್ನು ಸಾವಿನ ಮನೆಯವರಿಗೆ ಮಾರಲು ಆಗುತ್ತಾ? "ಮದುವೆಗೂ ಸಾವಿಗೂ ಒಂದೇ ಟೀ, ಒಂದೇ ಡಬ್ಬಿ ಮಾತ್ರ ಆಗಲ್ಲ" ಅಂದರು ಅಜ್ಜಿ. ಸಂಪ್ರದಾಯ ಅಂತ ಹೂವು ಹಕ್ಕಿ ತುಂಬುವ ಡಿಸೈನರ್‌ಗಳಿಗೆ ಈ ಅಜ್ಜಿಯನ್ನು ಒಮ್ಮೆ ಭೇಟಿ ಮಾಡಿಸಬೇಕು.

ಮೂರನೆಯದು ಕಾಬಾಜೈಕು. ಉತ್ತರದ ಅಕಿತಾ ಸೀಮೆಯ ಕಾಕುನೊದಾತೆ ಊರಿನ ಕೆಲಸ. ಕಾಡು ಚೆರಿ ಮರದ ತೊಗಟೆಯನ್ನು ಹೆರೆದು, ಅಂಟು ಹಚ್ಚಿ, ಬಿಸಿ ಕರಣೆಯಿಂದ ಒತ್ತಿ ಡಬ್ಬಿಗೆ ಕೂರಿಸುತ್ತಾರೆ. 1780ರ ದಶಕದಿಂದ ಅಲ್ಲಿನ ಬಡ ಸಮುರಾಯ್‌ಗಳು ಸಂಬಳ ಸಾಲದೆ ಇದನ್ನು ಮಾಡುತ್ತಿದ್ದರಂತೆ. ನಯ, ಬೆಚ್ಚನೆಯ ಕಂದು ಬಣ್ಣ, ಹಿಡಿದಷ್ಟೂ ಹೊಳಪು. ಟೀಯ ಪರಿಮಳವೂ ಹೋಗಲಿಲ್ಲ. ಆದರೆ ಡಬ್ಬಿ ಒಂದಕ್ಕೇ ಹತ್ತು ಸಾವಿರ ಯೆನ್ ಆಸುಪಾಸು. ಒಳಗಿನ ನೂರು ಗ್ರಾಂ ಟೀಗೆ ಸಾವಿರ ಯೆನ್. ಇದು ಒಂದು ಅಂಗಡಿಯ ಪ್ಯಾಕೆಟ್ ಆಗಲಾರದು.

ಅದೇ ಸಾಲಿಗೆ ಕ್ಯೋಟೋದ ಕೈಕಾದೊ ಡಬ್ಬಿಯೂ ಸೇರುತ್ತದೆ. ಮಾದರಿಗಳಲ್ಲಿ ಅದು ಇರಲಿಲ್ಲ, ಸ್ನೇಹಿತೆಯ ಮನೆಯದನ್ನು ಕೇಳಿ ತಂದೆ. 1875ರಿಂದ ಒಂದೇ ಮನೆತನ ಮಾಡುತ್ತಿರುವ ಡಬ್ಬಿ. ಮೇಲೆ ಚಿತ್ರವಿಲ್ಲ, ಬರಹವಿಲ್ಲ, ಬರೀ ತಾಮ್ರ. ಮುಚ್ಚಳವನ್ನು ಬಾಯಿಗೆ ಹೊಂದಿಸಿ ಕೈ ಬಿಟ್ಟರೆ ಅದೇ ನಿಧಾನಕ್ಕೆ ಇಳಿದು ಮುಚ್ಚಿಕೊಳ್ಳುತ್ತದೆ. ಅಷ್ಟು ಅಳತೆಯ ಕೆಲಸ. ಮಕ್ಕಳು ಅದನ್ನೇ ತೆಗೆದು ಮುಚ್ಚಿ ಆಡಿ, ಟೀಗೆ ಬೇಕಾದಷ್ಟು ಗಾಳಿ ಕುಡಿಸಿದರು. ಹಾಗಾಗಿ ಅದಕ್ಕೆ ಅಂಕ ಕೊಡುವುದು ನ್ಯಾಯವಲ್ಲ.

ನಾಲ್ಕನೆಯದು ಚಾಬಾಕೊ, ಅಂದರೆ ಟೀ ಸಾಗಿಸುತ್ತಿದ್ದ ಮರದ ಪೆಟ್ಟಿಗೆಯ ಪುಟಾಣಿ ರೂಪ. ಸೆಡಾರ್ ಹಲಗೆ, ಒಳಗೆಲ್ಲ ತಗಡು, ಸಂದುಗಳಿಗೆ ಕಾಗದದ ಪಟ್ಟಿ. ದೊಡ್ಡ ಪೆಟ್ಟಿಗೆಯಲ್ಲಿ ಈಗಲೂ ಜನ ಅಕ್ಕಿ, ಕಿಮೋನೊ ಇಡುತ್ತಾರೆ. ಅಷ್ಟು ಗಟ್ಟಿ. ಪುಟಾಣಿಗೆ ಬೆಲೆ ಜಾಸ್ತಿ, ಜಾಗವೂ ಜಾಸ್ತಿ. ನನಗಿಷ್ಟವಾಯಿತು, ಕೊಳ್ಳುವುದಿಲ್ಲ.

ಕೊನೆಯದನ್ನು ಮೊದಲು ಮೂಲೆಗೆ ಸರಿಸಿದ್ದೆವು. ಬರೀ ಬಿಳಿ ಅಲ್ಯೂಮಿನಿಯಂ ಪದರದ ಚೀಲ, ಮೇಲೊಂದು ಅಂಟಿಸಿದ ಲೇಬಲ್. ಆ ಲೇಬಲ್ ರಾಂಜಿ ಮಾದರಿಯದು. ಮೇಜಿ ಕಾಲದಲ್ಲಿ (1868–1912) ಜಪಾನಿನ ಹಸಿರು ಟೀ ಯೊಕೊಹಾಮಾ, ಕೋಬೆ ಬಂದರುಗಳಿಂದ ಅಮೆರಿಕಕ್ಕೆ ಹೋಗುತ್ತಿತ್ತು. ಆಗಿನ ರಫ್ತಿನಲ್ಲಿ ರೇಷ್ಮೆ ಬಿಟ್ಟರೆ ಟೀಯೇ ದೊಡ್ಡದು. ಶಿಜುವೊಕಾದವರು 1906ರಿಂದ ತಮ್ಮದೇ ಶಿಮಿಜು ಬಂದರಿನಿಂದ ನೇರ ಕಳಿಸತೊಡಗಿದರು. ಆ ಪೆಟ್ಟಿಗೆಗಳ ಮೇಲೆ ಅಂಟಿಸುತ್ತಿದ್ದ ಚಿತ್ರದ ಲೇಬಲ್‌ಗಳೇ ರಾಂಜಿ. ಮರದ ಅಚ್ಚಿನಲ್ಲಿ ಉಕಿಯೊಎ ಅನ್ನುವ ಹಳೇ ಶೈಲಿಯ ಚಿತ್ರ ಮಾಡುತ್ತಿದ್ದ ಕೈಗಳೇ ಇವನ್ನೂ ಮಾಡಿದವು. ಫ್ಯೂಜಿ, ಹಕ್ಕಿ, ಕಿಮೋನೊ ಉಟ್ಟ ಹೆಂಗಸು, ನಡುವೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ "ಜಪಾನ್ ಟೀ", "ಬಾಸ್ಕೆಟ್ ಫೈರ್ಡ್" (ಬುಟ್ಟಿಯಲ್ಲಿಟ್ಟು ಬಿಸಿ ಮಾಡಿದ್ದು). ಕೆಲವದರಲ್ಲಿ "ಅನ್‌ಕಲರ್ಡ್" (ಬಣ್ಣ ಹಾಕದ್ದು) ಅಂತಲೂ ಇರುತ್ತದೆ. ಟೀಗೆ ಬಣ್ಣ ಬೆರೆಸುವವರ ಕಾಟಕ್ಕೆ 1911ರಲ್ಲಿ ಅಮೆರಿಕ ಬಣ್ಣದ ಟೀಯನ್ನೇ ತಡೆದಿತ್ತು.

ಅಜ್ಜಿಗೆ ಇದು ಒಪ್ಪಿಗೆಯಾಗಲಿಲ್ಲ. "ಇಂಗ್ಲಿಷ್ ಇದೆ, ಇದರಲ್ಲಿ ಜಪಾನ್ ಎಲ್ಲಿ?" ಅಂದರು. ನನ್ನ ಲೆಕ್ಕದಲ್ಲಿ ಟೀ ಮಾರುವವರ ಸಂಪ್ರದಾಯ ಅಂದರೆ ಇದೇ. ಕೊಕ್ಕರೆಯನ್ನು ಬಿಸ್ಕತ್ತಿಗೂ ಹಾಕುತ್ತಾರೆ, ಕರವಸ್ತ್ರಕ್ಕೂ ಹಾಕುತ್ತಾರೆ. ರಾಂಜಿ ಹುಟ್ಟಿದ್ದೇ ಟೀ ಪೆಟ್ಟಿಗೆಯ ಮೇಲೆ.

ಬಳಕೆಗೆ ಬಂದರೆ, ತೆರೆಯುವವರೆಗೂ ಈ ಚೀಲವನ್ನು ಮೀರಿಸುವುದು ಯಾವುದೂ ಇಲ್ಲ. ಬೆಳಕು ಹೋಗದು, ತೇವ ಹೋಗದು, ತುಂಬುವಾಗ ಸಾರಜನಕ ಊದಿ ಮುಚ್ಚಿದರೆ ಗಾಳಿಯ ಕಾಟವೂ ಇಲ್ಲ. ತೆರೆದ ಮೇಲೆ ಒಂದು ಗೋಳಿದೆ. ಫುಕಾಮುಷಿಯ ಪುಡಿ ಜಿಪ್ಪಿನ ಸಂದಿಗೆ ಹೋಗಿ ಕೂರುತ್ತದೆ. ಮುಚ್ಚಿದೆ ಅಂದುಕೊಂಡರೂ ಜಿಪ್ ಮುಚ್ಚಿರುವುದಿಲ್ಲ. ಬಟ್ಟೆಯಿಂದ ಒರೆಸಿ, ಬಾಯಿ ಮಡಚಿ ಕ್ಲಿಪ್ ಹಾಕಬೇಕು. ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರಗಿನ ಬಿಸಿಗೆ ಬಂದ ಮೇಲೆಯೇ ತೆರೆಯಬೇಕು. ಇಲ್ಲದಿದ್ದರೆ ಒಳಗೆ ನೀರು ಕಟ್ಟಿ ಟೀ ಹಾಳು.

ಪುತ್ತೂರಿಗೆ ಒಯ್ಯುವಾಗಲೂ ನಾನು ಹಾಕಿಕೊಳ್ಳುವುದು ಚೀಲವನ್ನೇ. ವಾಶಿ ಡಬ್ಬಿ ಒಮ್ಮೆ ಕೊಟ್ಟಿದ್ದೆ. ಅಮ್ಮ ಟೀ ಮುಗಿಸಿ ಅದಕ್ಕೆ ಏಲಕ್ಕಿ ತುಂಬಿಟ್ಟರು. ಇನ್ನು ಆ ಡಬ್ಬಿಗೆ ಸೆಂಚಾ ಹಾಕುವ ಹಾಗಿಲ್ಲ. ಏಲಕ್ಕಿಗಂತೂ ಬಹಳ ಒಳ್ಳೆ ಡಬ್ಬಿ.

ಮನೆತನದವರು ಕಡೆಗೆ ಬಂದು ನಿಂತದ್ದೂ ಚೀಲಕ್ಕೇ, ಚೆಂದಕ್ಕಿಂತ ಖರ್ಚಿನ ಲೆಕ್ಕದಿಂದ. ಚೀಲದ ಮೇಲೇ ಅಚ್ಚು ಹಾಕಿಸಲು ಒಂದೇ ಸಲಕ್ಕೆ ರಾಶಿ ರಾಶಿ ಆರ್ಡರ್ ಕೊಡಬೇಕು. ಸಣ್ಣ ಅಂಗಡಿಗೆ ಅದು ಆಗದ ಮಾತು. ಬಿಳಿ ಚೀಲ ತಂದು ಲೇಬಲ್ ಅಂಟಿಸಿದರೆ ಹೊಸ ಟೀಗೆ ಒಂದು, ಶುಭಕ್ಕೆ ಒಂದು, ಸಾವಿನ ಮನೆಗೆ ಚಿತ್ರವಿಲ್ಲದ ಬೂದು ಬಣ್ಣದ್ದೊಂದು ಅಂತ ಬೇಕಾದಾಗ ಬೇಕಾದಷ್ಟು ಮಾಡಿಕೊಳ್ಳಬಹುದು. ಡಬ್ಬಿ ಬೇಕೆಂದವರಿಗೆ ವಾಶಿಯದನ್ನು ಖಾಲಿಯಾಗಿ ಬೇರೆ ಮಾರುತ್ತಾರೆ. ಚೀಲವನ್ನು ಮಡಚಿ ಹಾಗೇ ಅದರೊಳಗಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಜೋಡಿ. ಟೀಗೂ ಕ್ಷೇಮ, ಮೇಜಿಗೂ ಚೆಂದ.

ಅತ್ತೆ ಸೊಸೆಯ ಜಗಳ ಒಂದೇ ಉಳಿದಿದೆ. ಲೇಬಲ್ಲಿನ ಇಂಗ್ಲಿಷ್ ಅಕ್ಷರ ಎಷ್ಟು ದಪ್ಪ ಇರಬೇಕು ಅಂತ.