ಒಂದೇ ಲೇಔಟು, ಮೂರು ಮಾಡೆಲ್ ಮನೆ: ಟೇಪು ಹಿಡಿದು ನೋಡಿದಾಗ

ಹೊಸ ಲೇಔಟಿನಲ್ಲಿ ಮೂರು ಐಷಾರಾಮಿ ಮಾಡೆಲ್ ಮನೆಗಳನ್ನು ಸಜ್ಜು ಮಾಡಿಟ್ಟಿದ್ದರು. ನಾನು, ಅಕ್ಕ ಇಬ್ಬರೂ ಎರಡು ಸಲ ಹೋಗಿ ಬಂದೆವು. ಮೊದಲ ಸಲ ಬೆಳಿಗ್ಗೆ, ಸುಮ್ನೆ ನೋಡಿ ಬರೋಣ ಅಂತ. ಎರಡನೇ ಸಲ ಮಧ್ಯಾಹ್ನ 3 ಗಂಟೆಗೆ, ಅಳತೆ ಟೇಪು ಹಿಡಿದುಕೊಂಡು. ಅಷ್ಟರಲ್ಲಿ ನಮ್ಮ ಮನಸ್ಸಿನಲ್ಲಿದ್ದ ಮನೆಯೇ ಬದಲಾಗಿಹೋಯಿತು.

ಬೆಳಿಗ್ಗೆ ನಮ್ಮನ್ನು ಗೆದ್ದಿದ್ದು ಮೊದಲನೇ ಮನೆ. ಹಾಲ್ ಎರಡು ಮಹಡಿ ಎತ್ತರ. ಒಂದು ಗೋಡೆ ಪೂರ್ತಿ ಗಾಜು. ಮೇಲಿಂದ ಇಳಿಬಿಟ್ಟ ದೊಡ್ಡ ದೀಪ. ಒಳಗೆ ಕಾಲಿಟ್ಟ ಕೂಡಲೇ ತಲೆ ತಾನಾಗಿ ಮೇಲೆ ಹೋಗುತ್ತದೆ. ಅಕ್ಕ ಅಲ್ಲೇ "ಇದೇ ಇರಲಿ ಕಣೋ" ಅಂದುಬಿಟ್ಟಳು.

ಮಧ್ಯಾಹ್ನ ಹೋದಾಗ ಅದೇ ಗಾಜಿನಿಂದ ಪಡುವಣದ ಬಿಸಿಲು ನೇರ ಸೋಫಾ ಮೇಲೆ ಬೀಳುತ್ತಿತ್ತು. ಬಿಸಿ ಗಾಳಿ ಮೇಲೇರುತ್ತದಲ್ವಾ? ಕೆಳಗೆ ಎಸಿ ಹಾಕಿದ್ದರೂ ಮೇಲಿನ ಮೊಗಸಾಲೆ ಕಾದಿತ್ತು. ಯಾರೂ ಕೂರದ ಅಷ್ಟೆತ್ತರದ ಜಾಗವನ್ನೂ ಎಸಿಯೇ ತಂಪು ಮಾಡಬೇಕು. ಅಕ್ಕನಿಗೆ ಹಾಲ್‌ನಲ್ಲಿ ಮಾಮೂಲಿ ದನಿಯಲ್ಲಿ ಮಾತಾಡು ಅಂದು ನಾನು ಮೇಲಿನ ಮಲಗುವ ಕೋಣೆಗೆ ಹೋದೆ. ಪ್ರತಿ ಮಾತೂ ಕೇಳಿಸಿತು. ಅದೂ ಅಷ್ಟೊಂದು ದಪ್ಪ ಪರದೆ, ಕಂಬಳಿ ಹಾಸಿದ್ದಾಗ! ಅವೆಲ್ಲ ಸದ್ದನ್ನು ಹೀರಿಕೊಳ್ಳುತ್ತವೆ. ಅವನ್ನು ತೆಗೆದ ಮೇಲೆ ಇನ್ನೂ ಜಾಸ್ತಿ ಕೇಳುತ್ತದೆ.

ಆಮೇಲೆ ಮಂಚ ಅಳೆದೆವು. ಅಗಲ ನಾಲ್ಕೂವರೆ ಅಡಿ, ಉದ್ದ 6 ಅಡಿ. ನನ್ನ ಎತ್ತರವೇ 5 ಅಡಿ 10 ಇಂಚು. ಕೋಣೆ ದೊಡ್ಡದಾಗಿ ಕಂಡಿದ್ದು ಇದರಿಂದ. ನಮ್ಮಲ್ಲಿರುವ 6 ಅಡಿ ಅಗಲದ ಮಂಚ ಹಾಕಿದರೆ ಎರಡೂ ಪಕ್ಕದ ಓಡಾಟದ ಜಾಗ 27 ಇಂಚಿನಿಂದ 18 ಇಂಚಿಗೆ ಇಳಿಯುತ್ತದೆ. ಬೀರುವಿನ ಬಾಗಿಲು 20 ಇಂಚು, ಪೂರ್ತಿ ತೆರೆಯುವುದೇ ಇಲ್ಲ. ಆ ಬೀರುವಿನ ಆಳ ಬರೀ 16 ಇಂಚು. ಮಾಮೂಲಿ ಹ್ಯಾಂಗರಿನ ಅಗಲವೇ ಸುಮಾರು 17 ಇಂಚು. ಬಟ್ಟೆ ನೇತುಹಾಕಲು 24 ಇಂಚು ಆಳ ಬೇಕು. ಇಷ್ಟು ಚೆಂದದ ಮನೆಯಲ್ಲಿ ಅಂಗಿ ನೇತುಹಾಕಲು ಜಾಗ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ ತಂದಿತು.

ಮೂರನೆಯದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಹಡಿ ಮೇಲೆ ಈಜುಕೊಳ, ಗೋಡೆ ತುಂಬ ಕನ್ನಡಿ, ಅಡುಗೆಮನೆಯ ಕಟ್ಟೆಗೆ ಬಿಳಿ ಮಾರ್ಬಲ್. ಮಾರ್ಬಲ್ ಮೇಲೆ ನಿಂಬೆರಸ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ದಿನಾ ಅಡುಗೆ ಮಾಡುವವರಿಗೆ ಅದು ಕಷ್ಟ. ಕೆಳಗಿನ ಕೋಣೆಗಳಿಗೆ ಬಾಗಿಲೇ ಇಟ್ಟಿರಲಿಲ್ಲ, ಅದಕ್ಕೇ ಅವು ದೊಡ್ಡದಾಗಿ ಕಾಣುತ್ತಿದ್ದವು. 3 ಅಡಿ ಬಾಗಿಲೊಂದು ತೆರೆದುಕೊಳ್ಳಲು ಸುಮಾರು 7 ಚದರ ಅಡಿ ಖಾಲಿ ಜಾಗ ಬೇಕು. ದೀಪ ಆರಿಸಿ ಅಂತ ಕೇಳಿಕೊಂಡೆವು. ನಡುಮನೆ ಮಧ್ಯಾಹ್ನವೇ ಕತ್ತಲಾಯಿತು.

ಈಗ ಎರಡನೇ ಮನೆ. ಬೆಳಿಗ್ಗೆ ಇದನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದ್ದೆವು. ಒಂದೇ ಮಹಡಿ, ನಡುವೆ ತೆರೆದ ಅಂಗಳ. ಫೋಟೋಗೆ ಅಂಥಾ ವಿಶೇಷ ಏನಿಲ್ಲ. ಆದರೆ ಅಂಗಳದಿಂದಾಗಿ ಎಲ್ಲಾ ಕೋಣೆಗೂ ಎರಡು ಕಡೆ ಕಿಟಕಿ. ದೀಪ ಆರಿಸಿದರೂ ಓದುವಷ್ಟು ಬೆಳಕಿತ್ತು. ಕಿಟಕಿ ತೆರೆದಾಗ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಯಿತು. ಅಡುಗೆಮನೆಯ ಎರಡು ಕಟ್ಟೆಗಳ ನಡುವೆ ಮೂರೂವರೆ ಅಡಿ. ನಾನು, ಅಕ್ಕ ಬೆನ್ನಿಗೆ ಬೆನ್ನು ಹಾಕಿ ನಿಂತು ನೋಡಿದೆವು, ತಾಗಲಿಲ್ಲ. ಬೀರುಗಳ ಆಳ ಸರಿಯಾಗಿ 24 ಇಂಚು. ಪೊರಕೆ, ಬಕೆಟ್ಟು, ಸೂಟ್‌ಕೇಸು ಇಡಲು ಪ್ರತ್ಯೇಕ ಕೋಣೆಯೇ ಇದೆ. ಉಳಿದೆರಡು ಮನೆಗಳಲ್ಲಿ ಪೊರಕೆ ಎಲ್ಲಿಡುತ್ತೀರಿ ಅಂತ ಅಕ್ಕ ಕೇಳಿದಾಗ ಉತ್ತರ ಬಂದಿರಲಿಲ್ಲ.

ಕೊರತೆ ಇಲ್ಲದೆ ಇಲ್ಲ. ಅಂಗಳದಲ್ಲಿ ಒಂದು ಬಾಟಲಿ ನೀರು ಸುರಿದು ನೋಡಿದೆವು. ನೀರು ಹೊರಹೋಗುವ ಜಾಲರಿಯ ಕಡೆ ಹೋಗದೆ ಎದುರು ಮೂಲೆಯಲ್ಲಿ ನಿಂತಿತು. ಮಳೆಗಾಲದಲ್ಲಿ ಅದು ಒಳಗೆ ಬರದೇ ಇರುತ್ತದಾ?

ಹೊರಡುವ ಮುಂಚೆ ಹೇಳಿದ ಬೆಲೆಯಲ್ಲಿ ಏನೇನು ಸೇರಿದೆ ಅಂತ ಮೂರಕ್ಕೂ ಬರೆಸಿಕೊಂಡೆವು. ಮೊದಲನೆಯದರಲ್ಲಿ ದೀಪ, ನೆಲದ ಮಾರ್ಬಲ್, ಮೆಟ್ಟಿಲಿನ ಗಾಜು ಎಲ್ಲಾ ಬೇರೆ ದುಡ್ಡು. ಮೂರನೆಯದರಲ್ಲಿ ಈಜುಕೊಳವೇ ಬೇರೆ. ಎರಡನೆಯದರಲ್ಲಿ ಪರದೆ ಮತ್ತು ಪೀಠೋಪಕರಣ ಬಿಟ್ಟರೆ ಕಂಡಿದ್ದೆಲ್ಲಾ ಸೇರಿದೆ.

ಎರಡನೇ ಮನೆಗೆ ಹೆಸರು ಬರೆಸಿದ್ದೇವೆ. ಅಂಗಳದ ಇಳಿಜಾರು ಸರಿಪಡಿಸುತ್ತೇವೆ ಅಂತ ಕರಾರಿನಲ್ಲಿ ಬರೆದುಕೊಟ್ಟ ದಿನವೇ ಮುಂಗಡ ಅಂತ ಅಕ್ಕ ಖಡಾಖಂಡಿತ ಹೇಳಿ ಬಂದಿದ್ದಾಳೆ.