ಅಪ್ಪನ ಮೆಣಸಿನ ಹೊಲಕ್ಕೆ ಬ್ಲಾಸ್ಟ್ ಏನು ಹೇಳಿತು

ಮೊದಲೇ ಹೇಳಿಬಿಡ್ತೀನಿ: ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಬ್ಲಾಸ್ಟ್‌ಗೆ, ಅಂದರೆ ಡಿಎನ್‌ಎ ಸಾಲನ್ನ ಜಗತ್ತಿನ ದಾಖಲೆಗಳ ಜೊತೆ ಹೋಲಿಸಿ ಹುಡುಕೋ ವೆಬ್ ಸೇವೆಗೆ, ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಆ ಅರ್ಧ ಯಾಕೆ ಕಳೆದೆ ಅನ್ನೋದು ಮುಂದೆ ಬರುತ್ತೆ.

ನಾನು ರಾಯಚೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಪಾಠ ಮಾಡ್ತೀನಿ. ಊರು ಮಾನ್ವಿ ತಾಲ್ಲೂಕು. ಮನೆಯಲ್ಲಿ ಮೂರು ಎಕರೆ ಮೆಣಸಿನಕಾಯಿ, ಉಳಿದದ್ದು ಹತ್ತಿ. ಬ್ಲಾಸ್ಟ್ ಅನ್ನೋದನ್ನ ಎಂಎಸ್ಸಿಯಲ್ಲಿ ಪರೀಕ್ಷೆಗೆ ಓದಿದ್ದೆ, ಅಂಕವೂ ಬಂದಿತ್ತು. ಅದನ್ನ ನಿಜವಾಗಿ ಕಲಿತದ್ದು ಮಾತ್ರ ಅಪ್ಪ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಕ್ಯಾರಿ ಬ್ಯಾಗ್ ತುಂಬ ಮುದುಡಿದ ಮೆಣಸಿನ ಎಲೆ ಕಳಿಸಿದ ವರ್ಷ.

"ಔಷಧ ಅಂಗಡಿಯವ್ರು ನುಸಿ ಅಂತಾರ, ಪಕ್ಕದ ಹೊಲದವ್ರು ಥ್ರಿಪ್ಸ್ ಅಂತಾರ. ಎರಡು ಸಲ ಹೊಡದೀನಿ, ಕಮ್ಮಿ ಆಗವಲ್ದು. ನೀ ಓದಿದಾಕಿ, ನೋಡಿ ಹೇಳವ್ವ" ಅಂತ ಫೋನ್ ಮಾಡಿದ್ರು.

ಎಲೆ ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್. ಅಂಚು ಕೆಳಕ್ಕೆ ಬಾಗಿದ್ದರೆ ನುಸಿ. ಗಿಡ ಗಿಡ್ಡಾಗಿ, ಎಲೆ ಚಿಕ್ಕದಾಗಿ, ನರ ತಿಳಿಯಾಗಿ ಸುರುಳಿದ್ದರೆ ಬಿಳಿ ನೊಣ ತರುವ ವೈರಸ್, ಅದೇ ಮುಟುರು ರೋಗ. ಪುಸ್ತಕದಲ್ಲಿ ಹೀಗಿರುತ್ತೆ. ಹೊಲದಲ್ಲಿ ಮೂರೂ ಒಂದೇ ಗಿಡದ ಮೇಲೆ ಕೂತಿರುತ್ತವೆ. ಕಣ್ಣಿಂದ ನೋಡಿ ಹೇಳೋ ಧೈರ್ಯ ನನಗಿರಲಿಲ್ಲ. ಪರಿಚಯದ ಲ್ಯಾಬ್‌ನಲ್ಲಿ ಎಲೆಯಿಂದ ಡಿಎನ್‌ಎ ತೆಗೆದು, ಬಿಳಿ ನೊಣ ತರುವ ಬೆಗೊಮೊವೈರಸ್ ಗುಂಪನ್ನು ಹಿಡಿಯೋ ಪ್ರೈಮರ್ (ಡಿಎನ್‌ಎಯ ಪುಟ್ಟ ತುಂಡು) ಹಾಕಿ, ಆ ಭಾಗದ ಪ್ರತಿಗಳನ್ನ ಹೆಚ್ಚಿಸೋ ಪಿಸಿಆರ್ ಮಾಡಿದೆವು. ಬ್ಯಾಂಡ್ ಬಂತು, ಅಂದರೆ ಆ ಗುಂಪಿನ ವೈರಸ್ ಇದೆ ಅಂತ. ಅದನ್ನ ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್‌ಎ ಅಕ್ಷರ ಓದಿಸೋಕೆ, ಹೊರಗಡೆ ಕಳಿಸಿದೆ. ಹತ್ತು ದಿನದ ಮೇಲೆ ಮೇಲ್‌ನಲ್ಲಿ ಬಂದದ್ದು 530 ಅಕ್ಷರಗಳ ಒಂದು ಸಾಲು. ಎ, ಟಿ, ಜಿ, ಸಿ, ನಡುನಡುವೆ ಎನ್ (ಯಾವುದು ಅಂತ ಓದಲಾಗದ ಅಕ್ಷರ).

ಆ ಸಾಲನ್ನ ಕಾಪಿ ಮಾಡಿ ಬ್ಲಾಸ್ಟ್ ಪುಟದ ಡಬ್ಬಿಗೆ ಹಾಕಿ ನೀಲಿ ಬಟನ್ ಒತ್ತಿದರೆ ಆಯ್ತು. ಲಾಗಿನ್ ಬೇಡ, ದುಡ್ಡು ಬೇಡ, ಯಾವ ಯೂನಿವರ್ಸಿಟಿಯವರು ಅಂತ ಯಾರೂ ಕೇಳಲ್ಲ. ಈ ಒಂದು ಕಾರಣಕ್ಕೇ ಈ ಸೇವೆಯ ಮೇಲೆ ನನಗೆ ಇಷ್ಟು ಗೌರವ. ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಒಳ್ಳೆಯ ಜರ್ನಲ್ ತರಿಸೋದೂ ಕಷ್ಟ. ಆದರೆ 1982ರಲ್ಲಿ ಶುರುವಾಗಿ, ಆ ವರ್ಷದ ಕೊನೆಗೆ 606 ಸೀಕ್ವೆನ್ಸ್ ಇದ್ದ ಜೀನ್‌ಬ್ಯಾಂಕ್, ಅಂದರೆ ಬ್ಲಾಸ್ಟ್ ಹುಡುಕೋ ಡಿಎನ್‌ಎ ಸಂಗ್ರಹ, ಇವತ್ತು ಕೋಟಿಗಟ್ಟಲೆ ದಾಖಲೆಗಳ ಕಣಜವಾಗಿದೆ. ಅದರ ಬಾಗಿಲು ಹಾರ್ವರ್ಡ್‌ನವರಿಗೆ ಎಷ್ಟು ತೆರೆದಿದೆಯೋ ಮಾನ್ವಿಯವರಿಗೂ ಅಷ್ಟೇ ತೆರೆದಿದೆ.

ಅಷ್ಟು ದೊಡ್ಡ ಕಣಜದಲ್ಲಿ ಒಂದು ನಿಮಿಷದೊಳಗೆ ಹುಡುಕೋದು ಹೇಗೆ? 1990ರಲ್ಲಿ ಆಲ್ಟ್‌ಶುಲ್, ಗಿಶ್, ಮಿಲ್ಲರ್, ಮೈಯರ್ಸ್, ಲಿಪ್‌ಮನ್ ಐವರೂ ಸೇರಿ ಕೊಟ್ಟ ಉಪಾಯ ಅದು. ಸಂತೆಯಲ್ಲಿ ಕಳೆದುಹೋದ ಎಮ್ಮೆ ಹುಡುಕೋರು ಎಲ್ಲ ಎಮ್ಮೆಯನ್ನೂ ತಲೆಯಿಂದ ಬಾಲದ ತನಕ ನೋಡ್ತಾ ಕೂರಲ್ಲ. ದೂರದಿಂದಲೇ ಕೋಡಿನ ತಿರುವು ನೋಡ್ತಾರೆ, ಅದು ಹೊಂದಿದ್ದರ ಹತ್ತಿರ ಮಾತ್ರ ಹೋಗಿ ಹಣೆ, ಕಿವಿ, ಬಾಲ ನೋಡ್ತಾರೆ. ಬ್ಲಾಸ್ಟ್ ಕೂಡ ನಿಮ್ಮ ಸಾಲಿನ ಪುಟ್ಟ ಪುಟ್ಟ ತುಂಡುಗಳು ಎಲ್ಲಿ ಹಾಗೇ ಸಿಗ್ತವೆ ಅಂತ ನೋಡಿ, ಸಿಕ್ಕ ಕಡೆ ಮಾತ್ರ ಎರಡೂ ಬದಿಗೆ ಹೊಂದಿಸ್ತಾ ಹೋಗುತ್ತೆ.

ಈ ತುಂಡಿನ ಉದ್ದದಲ್ಲೇ ಹೊಸಬರು ಎಡವೋದು. ಪುಟ ತೆರೆದಾಗ ತಾನಾಗಿಯೇ ಆಯ್ಕೆಯಾಗಿರೋದು ಮೆಗಾಬ್ಲಾಸ್ಟ್. ಅದಕ್ಕೆ ಒಟ್ಟಿಗೆ 28 ಅಕ್ಷರ ತಪ್ಪಿಲ್ಲದೆ ಹೊಂದಬೇಕು. ಬಹಳ ಹತ್ತಿರದ ಸಂಬಂಧಿಕರನ್ನ ಹುಡುಕಲು ಅದು ಸರಿ. ಸ್ವಲ್ಪ ದೂರದ ಸಂಬಂಧ ಇದ್ದರೆ "ಹೋಲಿಕೆ ಸಿಗಲಿಲ್ಲ" ಅಂತ ಬರುತ್ತೆ, ಮಕ್ಕಳು ಹೊಸ ಜೀವಿ ಸಿಕ್ಕಿತು ಅಂತ ನನ್ನ ಹತ್ತಿರ ಓಡಿ ಬರ್ತಾರೆ. ಕೆಳಗಡೆ ಬ್ಲಾಸ್ಟ್‌ಎನ್ ಅನ್ನೋ ಗುಂಡಿ ಒತ್ತಿದರೆ ಅಳತೆ 11ಕ್ಕೆ ಇಳಿಯುತ್ತೆ, ಬೇಕಾದಷ್ಟು ನೆಂಟರು ಸಿಗ್ತಾರೆ. ಅಲ್ಲೂ ಸಿಗದಿದ್ದರೆ ಬ್ಲಾಸ್ಟ್‌ಎಕ್ಸ್. ಅದು ನಿಮ್ಮ ಡಿಎನ್‌ಎಯನ್ನ ಆರೂ ರೀತಿಯಲ್ಲಿ ಪ್ರೋಟೀನ್ ಭಾಷೆಗೆ ಓದಿಕೊಂಡು ಹುಡುಕುತ್ತೆ. ಡಿಎನ್‌ಎ ಅಕ್ಷರ ಬದಲಾದರೂ ಪ್ರೋಟೀನ್ ಎಷ್ಟೋ ಸಲ ಹಾಗೇ ಉಳಿಯೋದರಿಂದ ಹಳೆಯ ಸಂಬಂಧ ಅಲ್ಲಿ ಕಾಣುತ್ತೆ.

ಅಪ್ಪನ ಎಲೆಗೆ ಬರ್ತೀನಿ. ಫಲಿತಾಂಶದ ಮೊದಲ ಸಾಲು: ಮೆಣಸಿನ ಎಲೆ ಮುಟುರು ವೈರಸ್, ಹೋಲಿಕೆ ಶೇಕಡಾ 99. ಕುಣಿಯೋ ಹಾಗಾಯ್ತು. ಅಪ್ಪನಿಗೆ ಫೋನ್ ಮಾಡೋಣ ಅಂತ ಕೈಗೆತ್ತಿಕೊಂಡೆ. ಆಗ ನನ್ನ ಗೈಡ್ ಆಗಿದ್ದ ಮೇಡಂ ಮೊದಲ ವರ್ಷ ಹೇಳಿದ ಮಾತು ನೆನಪಾಯ್ತು: "ಹೆಸರು ಕೊನೆಗೆ ಓದು, ಮೊದಲು ಕವರ್ ಎಷ್ಟು ನೋಡು." ಕ್ವೆರಿ ಕವರ್ ಕಾಲಂನಲ್ಲಿ ಇದ್ದದ್ದು 58. ಅಂದರೆ ನಾನು ಕೊಟ್ಟ ಸಾಲಿನಲ್ಲಿ ನೂರಕ್ಕೆ ಐವತ್ತೆಂಟು ಭಾಗಕ್ಕೆ ಮಾತ್ರ ಈ 99. ಉಳಿದ ಭಾಗ ಯಾವುದಕ್ಕೂ ಹೊಂದಿಲ್ಲ. ಗ್ರಾಫಿಕ್ ನೋಡಿದರೆ ಎಲ್ಲ ಕೆಂಪು ಪಟ್ಟಿಗಳೂ 310ನೇ ಅಕ್ಷರದ ಹತ್ತಿರ ಒಂದೇ ಗೆರೆಗೆ ಕತ್ತರಿಸಿದಂತೆ ನಿಂತಿದ್ದವು.

ನನಗೆ ಸೀಕ್ವೆನ್ಸಿಂಗ್‌ನವರು ಬರೀ ಅಕ್ಷರದ ಫೈಲ್ ಕಳಿಸಿದ್ದರು, ಮೂಲ ಕ್ರೊಮಾಟೊಗ್ರಾಮ್, ಅಂದರೆ ಅಕ್ಷರಗಳನ್ನ ಬಣ್ಣದ ಶಿಖರಗಳಾಗಿ ತೋರಿಸೋ ಚಿತ್ರ, ಇರಲಿಲ್ಲ. ಎರಡು ಸಲ ಮೇಲ್ ಹಾಕಿ, ಒಂದು ಸಲ ಜಗಳವಾಡಿ ತರಿಸಿಕೊಂಡೆ. ತೆರೆದು ನೋಡಿದರೆ ಮೊದಲ ಮುನ್ನೂರು ಅಕ್ಷರದ ತನಕ ನಾಲ್ಕು ಬಣ್ಣದ ಶಿಖರಗಳು ಒಂದರ ಪಕ್ಕ ಒಂದು, ಪಾತಿ ಮಾಡಿ ನಟ್ಟ ಸಸಿಯ ಹಾಗೆ. ಅಲ್ಲಿಂದ ಮುಂದೆ ಹಸಿರಿನ ಮೇಲೆ ಕೆಂಪು, ಕೆಂಪಿನ ಕೆಳಗೆ ನೀಲಿ, ಎಲ್ಲ ಕಲಸಿಹೋಗಿತ್ತು. ಆ ಗೊಂದಲದಲ್ಲೂ ಮಷಿನ್ ಯಾವುದೋ ಒಂದು ಅಕ್ಷರ ಆರಿಸಿ ಬರೆದಿತ್ತು. ನಾನು ಅದನ್ನೇ ಸತ್ಯ ಅಂದುಕೊಂಡು ಬ್ಲಾಸ್ಟ್‌ಗೆ ಹಾಕಿದ್ದೆ. ದಯವಿಟ್ಟು ಯಾರಿಗೇ ಸ್ಯಾಂಪಲ್ ಕಳಿಸಿ, ಕ್ರೊಮಾಟೊಗ್ರಾಮ್ ಇಲ್ಲದೆ ದುಡ್ಡು ಕಟ್ಟಬೇಡಿ. ಕಣ್ಣಾರೆ ನೋಡದ ಅಕ್ಷರವನ್ನ ಡಬ್ಬಿಗೆ ಹಾಕಬೇಡಿ.

ಅದೇ ಡಿಎನ್‌ಎ ತುಂಡನ್ನ ಎದುರು ದಿಕ್ಕಿನಿಂದ ಮತ್ತೊಮ್ಮೆ ಓದಿಸಿದೆ. ಎರಡನ್ನೂ ಜೋಡಿಸಿ ಕೊಟ್ಟಾಗ ಕವರ್ 100, ಹೋಲಿಕೆ 98. ಇ-ವ್ಯಾಲ್ಯೂ ಸೊನ್ನೆ. ಇಷ್ಟು ದೊಡ್ಡ ಕಣಜದಲ್ಲಿ ಇಂಥ ಹೊಂದಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದು ಅನ್ನೋ ಅಂದಾಜೇ ಇ-ವ್ಯಾಲ್ಯೂ. ಸೊನ್ನೆ ಅಂದರೆ ಆಕಸ್ಮಿಕ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಪಟ್ಟಿಯಲ್ಲಿ ಕೆಳಗೆ ಇಳಿದರೆ ಟೊಮೆಟೊ ಹೆಸರಿನ ವೈರಸ್, ಪಪ್ಪಾಯಿ ಹೆಸರಿನ ವೈರಸ್, ಎಲ್ಲ ಒಂದು ಶೇಕಡಾ ಅಂತರದಲ್ಲಿ ಸಾಲಾಗಿ ನಿಂತಿವೆ. ಈ ವೈರಸ್‌ಗಳು ತಮ್ಮತಮ್ಮಲ್ಲೇ ತುಂಡು ಬದಲಾಯಿಸಿಕೊಳ್ಳುತ್ತವೆ. ಅದಕ್ಕೇ ಜಾತಿ ನಿರ್ಧಾರಕ್ಕೆ ಸುಮಾರು 2,700-2,800 ಅಕ್ಷರಗಳ ಪೂರ್ತಿ ಡಿಎನ್‌ಎ-ಎ (ಈ ವೈರಸ್ಸಿನ ಮುಖ್ಯ ಡಿಎನ್‌ಎ) ಬೇಕು, ಶೇಕಡಾ 91 ಹೋಲಿಕೆ ಅನ್ನೋ ಗಡಿಯನ್ನ ಅದರ ಮೇಲೆ ಹಾಕಿದ್ದಾರೆ. ನನ್ನ 530 ಅಕ್ಷರ ಅದಕ್ಕೆ ಸಾಲದು. ಮೊದಲ ಸಾಲಿನಲ್ಲಿ ಬಂದ ಹೆಸರನ್ನೇ ಉತ್ತರ ಅಂತ ಬರೆದುಬಿಟ್ಟ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನ ನಾನು ವರ್ಷಕ್ಕೆ ಹತ್ತಾದರೂ ನೋಡ್ತೀನಿ, ಪ್ರತಿ ಸಲ ಹೊಟ್ಟೆ ಉರಿಯುತ್ತೆ.

ಅಪ್ಪನಿಗೆ ಬೇಕಿದ್ದದ್ದು ಜಾತಿಯ ಹೆಸರಲ್ಲ. "ಇದು ಬಿಳಿ ನೊಣ ತರೋ ವೈರಸ್ ಗುಂಪಿನದು ಅಪ್ಪಾ, ಗಿಡಕ್ಕೆ ಹತ್ತಿದ ಮೇಲೆ ಔಷಧ ಇಲ್ಲ. ನುಸಿ ಔಷಧ ಹೊಡದ್ರ ಇದು ಹೋಗಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾದ್ರ ಕಿತ್ತು ಹಾಕದನ?" ಅಂದ್ರು. ರೋಗ ಬಂದ ಗಿಡ ಕಿತ್ತರು, ಹಳದಿ ಅಂಟು ಹಾಳೆ ಕಟ್ಟಿದರು. ಮುಂದಿನ ವರ್ಷ ಸಸಿ ಮಡಿಗೆ ಬಲೆ ಹೊದಿಸಿ, ಬದುವಿಗೆ ಎರಡು ಸಾಲು ಜೋಳ ಹಾಕಿದರು. ಅದಷ್ಟು ಹೇಳೋಕೆ 530 ಅಕ್ಷರ ಸಾಕಾಗಿತ್ತು.

ಬಿಳಿ ನೊಣದ್ದೂ ಒಂದು ಮಾತು. ಬೆಮಿಸಿಯಾ ಟಬಾಸಿ ಅಂತ ಒಂದೇ ಹೆಸರಿನಲ್ಲಿ ಕರೆಯೋದು ನಿಜಕ್ಕೂ ಮೂವತ್ತಕ್ಕೂ ಹೆಚ್ಚು ಜಾತಿಗಳ ಗುಂಪು, ಮೈಕ್ರೊಸ್ಕೋಪ್‌ನಲ್ಲಿ ಎಲ್ಲ ಒಂದೇ. ಸಿಒ1 ಅನ್ನೋ ಜೀನ್ ಓದಿದರೆ ಮಾತ್ರ ಬೇರೆ ಬೇರೆ. ಇದಕ್ಕೆ ಬ್ಲಾಸ್ಟ್ ಜೊತೆ ಇಂಥ ಜೀನ್‌ನಿಂದ ಜೀವಿ ಗುರುತಿಸೋ ಕೆನಡಾದ ಬೋಲ್ಡ್ ತಾಣವನ್ನೂ ನೋಡೋದು ಒಳ್ಳೆಯದು. ಜೀನ್‌ಬ್ಯಾಂಕ್‌ನಲ್ಲಿ ಬರೀ ಟಬಾಸಿ ಅಂತ ಹಾಕಿ, ಯಾವ ಗುಂಪು ಅಂತ ಬರೆಯದೇ ಬಿಟ್ಟವರು ಬಹಳ ಜನ.

ನನ್ನ ಅರ್ಧ ಅಂಕ ಕಳೆದದ್ದು ಇಂಥದ್ದಕ್ಕೇ. ಜೀನ್‌ಬ್ಯಾಂಕ್ ಅನ್ನೋದು ದಫ್ತರ. ಕೊಟ್ಟವರು ಏನು ಹೆಸರು ಬರೆದು ಕೊಟ್ಟರೋ ಅದು ಹಾಗೇ ಉಳಿಯುತ್ತೆ, ತಿದ್ದುವ ಹಕ್ಕು ಅವರದ್ದೇ. ತಪ್ಪು ಹೆಸರಿನ ಒಂದು ದಾಖಲೆ ನೋಡಿ ಇನ್ನೊಬ್ಬರು ಅದೇ ಹೆಸರಿಡ್ತಾರೆ, ಅವರನ್ನ ನೋಡಿ ಮತ್ತೊಬ್ಬರು. ಆಮೇಲೆ ಬ್ಲಾಸ್ಟ್‌ನಲ್ಲಿ ಮೇಲಿನ ಹತ್ತು ಸಾಲೂ ಒಂದೇ ಹೆಸರು ಹೇಳ್ತವೆ, ಹತ್ತು ಸಾಕ್ಷಿ ಅಂತ ನಾವು ನಂಬ್ತೀವಿ. ರೆಫ್‌ಸೀಕ್ ಅಂತ ಪರಿಶೀಲಿಸಿದ ಸಂಗ್ರಹ ಬೇರೆ ಇದೆ. ಪ್ರೋಟೀನ್ ಆದರೆ ಯೂನಿಪ್ರೋಟ್ ಸಂಗ್ರಹದ ಸ್ವಿಸ್-ಪ್ರೋಟ್ ಭಾಗ. 1986ರಲ್ಲಿ ಅಮೋಸ್ ಬೈರೋಖ್ ಶುರು ಮಾಡಿದ್ದು, ಇವತ್ತಿಗೂ ಮನುಷ್ಯರು ಓದಿ ಪರಿಶೀಲಿಸಿಯೇ ಸೇರಿಸ್ತಾರೆ. ಅನುಮಾನ ಬಂದಾಗ ನಾನು ಅಲ್ಲಿಗೇ ಹೋಗೋದು.

ಫೋನ್‌ನಲ್ಲಿ ನೋಡೋರಿಗೆ ಕಷ್ಟ ಇದೆ. ನನ್ನ ಕ್ಲಾಸಿನ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಲ್ಯಾಪ್‌ಟಾಪ್ ಇಲ್ಲ. ಟೇಬಲ್ ಬಲಗಡೆ ಕತ್ತರಿಸಿಹೋಗಿ ಕವರ್ ಕಾಲಂ ಕಾಣೋದೇ ಇಲ್ಲ, ಅದೇ ಮುಖ್ಯವಾದದ್ದು. ಫೋನ್ ಅಡ್ಡ ಹಿಡಿದು ಡೆಸ್ಕ್‌ಟಾಪ್ ಸೈಟ್ ಹಾಕಿಕೊಳ್ಳಿ. ಹೊತ್ತೂ ನೋಡಿಕೊಳ್ಳಿ. ದೊಡ್ಡ ಕೆಲಸಗಳನ್ನ ಶನಿವಾರ-ಭಾನುವಾರ ಇಲ್ಲವೇ ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 9ರಿಂದ ಬೆಳಗಿನ 5ರೊಳಗೆ ಮಾಡಿ ಅಂತ ಎನ್‌ಸಿಬಿಐ ಕೇಳಿಕೊಳ್ಳುತ್ತೆ. ನಮಗೆ ಅದು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ. ನಮ್ಮ ಪ್ರಾಕ್ಟಿಕಲ್ ಕ್ಲಾಸನ್ನ ನಾನು ಬೆಳಗಿನ ಹೊತ್ತಿಗೇ ಇಡಿಸಿಕೊಂಡಿದ್ದೀನಿ. ಸಂಜೆ ಹಾಕಿದಾಗ ಚಕ್ರ ತಿರುಗ್ತಾನೇ ಇರುತ್ತೆ. ಹುಡುಕಾಟಕ್ಕೆ ಕೊಡೋ ನಂಬರ್ ಬರೆದಿಟ್ಟುಕೊಳ್ಳಿ, ಕರೆಂಟ್ ಹೋಗಿ ಬಂದರೂ ಅದರಿಂದ ಫಲಿತಾಂಶ ಮತ್ತೆ ತೆಗೀಬಹುದು. ಯಾವಾಗ ಅಳಿಸ್ತಾರೆ ಅಂತ ಅಲ್ಲೇ ಬರೆದಿರುತ್ತೆ.

ಇನ್ನೊಂದು ಸಣ್ಣದು. ಸೀಕ್ವೆನ್ಸಿನ ಹೆಸರಿನ ಮುಂದೆ ಗಣಿತದಲ್ಲಿ 'ಹೆಚ್ಚು' ಅನ್ನೋಕೆ ಬಳಸೋ ಬಾಣದ ಮೂತಿಯ ಚಿಹ್ನೆ ಇರಲೇಬೇಕು. ಒಬ್ಬ ಹುಡುಗಿ ಅದನ್ನ ಬಿಟ್ಟು ಮೊದಲ ಸಾಲಲ್ಲಿ ಇಂಗ್ಲಿಷಿನಲ್ಲಿ ಮಾನ್ವಿ ಅಂತ ಬರೆದಿದ್ದಳು. ಎಂ, ಎ, ಎನ್, ವಿ ನಾಲ್ಕಕ್ಕೂ ಡಿಎನ್‌ಎ ಲಿಪಿಯಲ್ಲಿ ಅರ್ಥ ಇದೆ: ಎಂ ಅಂದರೆ ಎ ಅಥವಾ ಸಿ, ವಿ ಅಂದರೆ ಟಿ ಬಿಟ್ಟು ಯಾವುದಾದರೂ, ಎನ್ ಅಂದರೆ ಯಾವುದಾದರೂ. ಊರಿನ ಹೆಸರೂ ವೈರಸ್ಸಿನ ಭಾಗವಾಗಿ ಹೋಗಿಬಿಟ್ಟಿತ್ತು.

ಆಮೇಲೆ ಪೂರ್ತಿ ಡಿಎನ್‌ಎ-ಎ ಓದಿಸಿದೆ, ಅದಕ್ಕೆ ಎರಡು ವರ್ಷ ಹಿಡೀತು. ಬೇರೆ ವೈರಸ್‌ಗಳ ಜೊತೆ ಸಾಲಾಗಿ ಜೋಡಿಸೋಕೆ ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರೋ ಇಬಿಐ (ಯುರೋಪಿನ ಜೈವಿಕ ಮಾಹಿತಿ ಸಂಸ್ಥೆ) ತಾಣದ ಕ್ಲಸ್ಟಲ್ ಒಮೆಗಾ ಬಳಸಿದೆ. ಚೊಕ್ಕ ಪುಟ, ಕೆಲಸ ಬೇಗ. ಆದರೆ ಮೊದಲ ಸಲ ಜೋಡಣೆ ಪೂರಾ ಹಾಳಾಗಿ ಬಂತು. ಈ ವೈರಸ್ಸಿನ ಡಿಎನ್‌ಎ ಬಳೆಯ ಹಾಗೆ ದುಂಡಗಿದೆ. ಎಲ್ಲಿ ಕತ್ತರಿಸಿ ಉದ್ದಕ್ಕೆ ಬರೆದರೂ ನಡೆಯುತ್ತೆ, ಆದರೆ ಎಲ್ಲರೂ ಒಂದೇ ಜಾಗದಲ್ಲಿ ಕತ್ತರಿಸಿದರೆ ಮಾತ್ರ ಹೋಲಿಸಬಹುದು. ಟಿಎಎಟಿಎಟಿಟಿಎಸಿ ಅನ್ನೋ ಒಂಬತ್ತು ಅಕ್ಷರದ ಗುರುತು ಹುಡುಕಿ, ಕೊನೆಯ ಎಸಿಗೆ ಮುಂಚೆ ಕತ್ತರಿಸಬೇಕು. ನನ್ನದು ಬೇರೆಲ್ಲೋ ಶುರುವಾಗಿತ್ತು. ನಾನು ಇದನ್ನ ಬ್ಲಾಸ್ಟ್ ಪುಟದಲ್ಲೇ ಹಿಡೀಬಹುದಿತ್ತು: ಮ್ಯಾಕ್ಸ್ ಸ್ಕೋರ್‌ಗಿಂತ (ಚೆನ್ನಾಗಿ ಹೊಂದಿದ ಒಂದು ತುಂಡಿನ ಅಂಕ) ಟೋಟಲ್ ಸ್ಕೋರ್ (ಎಲ್ಲ ತುಂಡು ಸೇರಿದ ಅಂಕ) ಬಹಳ ಹೆಚ್ಚು ಇತ್ತು. ಅಂದರೆ ಹೊಂದಿಕೆ ಎರಡು ತುಂಡಾಗಿ ಬಿದ್ದಿದೆ ಅಂತ. ಆ ಎರಡು ಕಾಲಂ ಪಕ್ಕಪಕ್ಕದಲ್ಲಿ ಯಾಕಿವೆ ಅನ್ನೋದು ನನಗೆ ಅವತ್ತು ಅರ್ಥವಾಯ್ತು.

ಸೀಕ್ವೆನ್ಸನ್ನ ಬ್ಯಾಂಕ್‌ಇಟ್ ಅನ್ನೋ ಆನ್‌ಲೈನ್ ಅರ್ಜಿ ಮೂಲಕ ಜೀನ್‌ಬ್ಯಾಂಕ್‌ಗೆ ಕೊಟ್ಟೆ. ಅಲ್ಲಿ ಕೊಟ್ಟದ್ದು ಹಿಂಕ್ಸ್‌ಟನ್‌ನ ಸಂಗ್ರಹಕ್ಕೂ ಜಪಾನಿನ ಡಿಡಿಬಿಜೆ ಸಂಗ್ರಹಕ್ಕೂ ತಲುಪುತ್ತೆ, ಮೂವರೂ ದಿನಾ ಹಂಚಿಕೊಳ್ತಾರೆ. ಫರೀದಾಬಾದಿನಲ್ಲಿ 2022ರಲ್ಲಿ ನಮ್ಮ ದೇಶದ್ದೇ ಆದ ಜೈವಿಕ ದತ್ತಾಂಶ ಕೇಂದ್ರವೂ ಶುರುವಾಗಿದೆ. ಸ್ಯಾಂಪಲ್ ಎಲ್ಲಿಂದ ಅನ್ನೋ ಜಾಗದಲ್ಲಿ ಭಾರತ, ಕರ್ನಾಟಕ, ಮಾನ್ವಿ ಅಂತ ತುಂಬಿದೆ.

ಈ ಜಾಗವನ್ನ ತುಂಬುವಾಗ ಕಾಗುಣಿತ ನೋಡಿಕೊಳ್ಳಿ. ಬಳ್ಳಾರಿಯ ಮೆಣಸಿನ ವೈರಸ್ ಬೇಕು ಅಂತ ಈಗಿನ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿದರೆ 2014ಕ್ಕೆ ಮುಂಚಿನವು ತಪ್ಪಿಹೋಗ್ತವೆ, ಅವು 'ಬೆಲ್ಲರಿ' ಅಂತ ಓದೋ ಹಳೆಯ ಕಾಗುಣಿತದಲ್ಲಿ ಕೂತಿವೆ. ನಾನು ಯಾವಾಗಲೂ ಎರಡೂ ಹಾಕಿ ಹುಡುಕ್ತೀನಿ. ಮಾನ್ವಿಗೂ ಇಂಗ್ಲಿಷಿನಲ್ಲಿ ಎರಡು ಕಾಗುಣಿತ ಇವೆ, ನಾನು ಒಂದನ್ನೇ ಹಾಕಿದ್ದೆ. ಸಂಗ್ರಹಿಸಿದ ತಿಂಗಳನ್ನೂ ತಪ್ಪು ಬರೆದಿದ್ದೆ. ಗೊತ್ತಾದ ದಿನವೇ ಅಕ್ಸೆಶನ್ ನಂಬರ್ (ದಾಖಲೆಯ ಗುರುತಿನ ಸಂಖ್ಯೆ) ಹಾಕಿ ತಿದ್ದಿ ಅಂತ ಮೇಲ್ ಕಳಿಸಿದೆ, ತಿದ್ದಿದರು.

ದೀಪಾವಳಿಗೆ ಊರಿಗೆ ಹೋದಾಗ ಆ ಪುಟ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎಎಟಿಜಿ ಸಾಲುಗಳ ಮೇಲೆ ಬೆರಳಾಡಿಸಿದರು. "ಇದೆಲ್ಲ ನಮ್ಮ ಹೊಲದಾಗಿಂದ ತಗದಿದ್ದೇನವ್ವ?" ಅಂದ್ರು. ಹೂಂ ಅಂದೆ. "ಕೆಳಗಿನ ಹೊಲದ್ದು ಬ್ಯಾರೆ ಐತಿ ನೋಡು, ಅಲ್ಲಿ ಈ ಸಲ ಎಲಿ ಹಳದಿ ಆಗ್ಯಾವ" ಅಂತ ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ಕವರ್ ಹುಡುಕಿ ತಗೊಂಡು ಹಿಂದೆ ಹೋದೆ.